ಅಮ್ಮನ ಒಂಬತ್ತು ತಿಂಗಳು, ಅಪ್ಪನ ಒಂಬತ್ತು ತಿಂಗಳು

ಶೃಂಗೇರಿಗೆ ಹೋದ ಮಕ್ಕಳು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದುಬಿಡುತ್ತಾರೆ. ಅದೇ ಹೊಳೆಯ ದಡದಲ್ಲಿ ಕಪ್ಪೆ ಶಂಕರನನ್ನೂ ನೋಡಬೇಕು. ಸುಡುಬಿಸಿಲಿನಲ್ಲಿ ಹೆರಿಗೆನೋವು ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡೇ ಆದಿ ಶಂಕರರು ಇಲ್ಲಿ ಮಠ ಸ್ಥಾಪಿಸಿದರೆಂದು ಐತಿಹ್ಯ. ನೋವೆಲ್ಲ ಕಪ್ಪೆಯದು, ಹಾವಿನ ಪಾಲಿಗೆ ನೆರಳು ಹಿಡಿಯುವ ಕೆಲಸ. ಬಸುರಿಯ ಗಂಡನ ಪಾಡೂ ಹೆಚ್ಚುಕಡಿಮೆ ಅಷ್ಟೇ.

ವಾಕರಿಕೆ, ಬಯಕೆ, ಬೆನ್ನುನೋವು ಎಲ್ಲ ಅವಳಿಗೆ. ಚೊಚ್ಚಲು ಬಸುರಿಗೆ ಐದನೇ ತಿಂಗಳ ಹೊತ್ತಿಗೆ ಮಗು ಮಿಸುಕಿದ್ದು ತಿಳಿಯುತ್ತದೆ. ಹೊರಗಿನಿಂದ ಕೈಯಿಟ್ಟ ತಂದೆಗೆ ತಿಳಿಯಲು ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಅವನಿಗೆ ಮಗುವೆಂದರೆ ಬರೀ ಸುದ್ದಿ.

ಹಿಂದಿನವರು ಅವನಿಗೂ ಕಟ್ಟುಪಾಡು ಹಾಕಿದ್ದರು: ತೆಂಗಿನಕಾಯಿ ಒಡೆಯಬಾರದು, ಹೆಣ ಹೊರಬಾರದು, ದೂರ ಪ್ರಯಾಣ ಕೂಡದು. (ಕಾಯಿಗೂ ಬಸಿರಿಗೂ ಏನು ಸಂಬಂಧವೋ! ದೂರ ಹೋಗಬೇಡ ಎಂಬುದು ಮಾತ್ರ ನನಗೆ ಒಪ್ಪಿಗೆ.) ಆದರೆ ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಸೀಮಂತ ಮುಗಿಸಿ ನನ್ನವಳು ನರಸಿಂಹರಾಜಪುರಕ್ಕೆ ಹೋದಳು. ನಾನು ಕೊಪ್ಪದ ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತ ಅಂಚೆಯವನ ದಾರಿ ಕಾದೆ. ಆಷಾಢದ ಮಳೆಗೆ ಎರಡು ದಿನ ಬಸ್ಸಿರಲಿಲ್ಲ. ಮಗ ಹುಟ್ಟಿದ ಕಾರ್ಡು ಕೈಸೇರಿದ್ದು ಮೂರನೇ ದಿನ.

2017ರಿಂದ ಕಂಪನಿ, ಕಚೇರಿಗಳಲ್ಲಿ ದುಡಿಯುವ ತಾಯಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಖಾಸಗಿಯಲ್ಲಿ ಧಣಿ ಕೊಟ್ಟಷ್ಟು. ತೋಟದ ದಿನಗೂಲಿಯವನು ಹೆರಿಗೆಗೆಂದು ಹೋದರೆ ಅವತ್ತಿನ ಕೂಲಿ ಹೋಯಿತು.

ಮಕ್ಕಳೇ, ನೀವು ಹುಟ್ಟಿದಾಗ ಅಮ್ಮ ಎಲ್ಲಿದ್ದರೆಂದು ನಿಮಗೆ ಗೊತ್ತು. ಅಪ್ಪ ಎಲ್ಲಿದ್ದರು? ಇವತ್ತು ಊಟಕ್ಕೆ ಕೂತಾಗ ಕೇಳಿ. ಅಜ್ಜನನ್ನೂ ಕೇಳಿ.