ವಿಂಡೋಸ್ ಬಿಡುವ ಮುನ್ನ ಒಂದು ಹಳೇ ‘ನುಡಿ’ ಕಡತ ತೆರೆದು ನೋಡಿ

ಅಪ್‌ಗ್ರೇಡ್ ಅರ್ಧ ದಾರಿಗೆ ಬಂದು ನಿಲ್ಲುತ್ತದೆ, ತಾನಾಗಿ ಹಿಂದಕ್ಕೆ ಹೋಗುತ್ತದೆ. ಮೂರನೇ ಸಲವೂ ಹೀಗೇ ಆದಾಗ ಯಾರ ಬಾಯಲ್ಲಾದರೂ ಬರುವ ಮಾತು ಒಂದೇ: ‘ಸಾಕಪ್ಪ ಈ ವಿಂಡೋಸ್ ಸಹವಾಸ, ಲಿನಕ್ಸ್ ಹಾಕಿಬಿಡ್ತೀನಿ.’ ಹಾಕಬಾರದು ಅಂತಲ್ಲ. ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ಓಡುತ್ತಿರುವುದು ಲಿನಕ್ಸ್ ಮಿಂಟ್ ಮೇಲೆಯೇ. ಆದರೆ ಸಿಟ್ಟಿನ ಭರದಲ್ಲಿ ನಂಬಿಬಿಡುವ ಕೆಲವು ಮಾತುಗಳನ್ನು ಒಮ್ಮೆ ತಿಕ್ಕಿ ನೋಡಬೇಕು.

‘ವಿಂಡೋಸ್ 10ರ ಕಾಲ ಮುಗಿಯಿತು, ಇನ್ನು ಈ ಕಂಪ್ಯೂಟರ್ ಗುಜರಿಗೇ ಸೈ.’ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ. ಕಂಪ್ಯೂಟರ್ ಮರುದಿನವೂ ಆನ್ ಆಗುತ್ತದೆ. ಭದ್ರತೆಯ ತೇಪೆಗಳು ಮಾತ್ರ ಬರುವುದಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ಆ ತೇಪೆಗಳೂ 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆ ಮಾಡಲಾಗಿದೆ. ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡುವವರು ತೇಪೆಯಿಲ್ಲದೆ ವರ್ಷಗಟ್ಟಲೆ ಮುಂದುವರಿಯುವುದು ಜಾಣತನವಲ್ಲ. ಹಾಗಂತ ಇವತ್ತು ರಾತ್ರಿಯೇ ಫಾರ್ಮ್ಯಾಟ್ ಮಾಡುವ ತುರ್ತೂ ಇಲ್ಲ.

‘ವಿಂಡೋಸ್ 11 ಹಾಕೋಕಾಗಲ್ಲ ಅಂತ ಪರದೆ ಮೇಲೇ ಬಂತಲ್ಲ!’ ಬಂದಿರಬಹುದು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅಡಗಿ ಕೂತಿರುತ್ತದೆ. ಆನ್ ಮಾಡಿದರೆ ಆಯಿತು. ಪ್ರೊಸೆಸರ್ ಹಳೆಯದಾದರೆ ಮಾತ್ರ ಅಧಿಕೃತವಾಗಿ ಬೇರೆ ದಾರಿ ಇಲ್ಲ. ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚಿನದಕ್ಕಷ್ಟೇ ಅಧಿಕೃತ ಪ್ರವೇಶ.

ಅಪ್‌ಗ್ರೇಡ್ ಕೆಟ್ಟಾಗಲೆಲ್ಲ ವಿಂಡೋಸನ್ನೇ ಬೈಯುವುದೂ ಪೂರ್ತಿ ಸರಿಯಲ್ಲ. ಸಿ ಡ್ರೈವ್ ತುಂಬಿ ತುಳುಕುತ್ತಿರುತ್ತದೆ, ಇಲ್ಲವೇ ತಿರುಗುವ ಹಳೇ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿರುತ್ತದೆ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ‘ಸ್ಲೋ’ ಎಂಬ ದೂರು ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಲಿನಕ್ಸ್ ಹಾಕಿದರೂ ಅದು ಸಾಯುತ್ತಿರುವ ಡಿಸ್ಕೇ.

ಲಿನಕ್ಸ್ ಎಂದರೆ ಕಪ್ಪು ಪರದೆ, ಇಂಜಿನಿಯರುಗಳ ಆಟಿಕೆ ಎನ್ನುವವರಿಗೆ ಪಕ್ಕದ ಕೇರಳವನ್ನು ತೋರಿಸಿದರೆ ಸಾಕು. ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಅದರಲ್ಲಿ.

ಇನ್ನು ನಮ್ಮವರ ದೊಡ್ಡ ಭಯ: ‘ಅದರಲ್ಲಿ ಕನ್ನಡ ಬರಲ್ಲ.’ ಯೂನಿಕೋಡ್ ಕನ್ನಡವಂತೂ ಸಲೀಸಾಗಿ ಬರುತ್ತದೆ. ಟೈಪಿಂಗ್‌ಗೆ ನೆರವಾಗುವ ಐಬಸ್ ಎಂಬ ತಂತ್ರಾಂಶದ ಜೊತೆ ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್ ಅಷ್ಟೇ ಅಲ್ಲ, ‘ನುಡಿ’ ತಂತ್ರಾಂಶದಲ್ಲಿ ಕೈ ಕುಳಿತವರ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ. ತೊಡಕಿರುವುದು ಹತ್ತು-ಹದಿನೈದು ವರ್ಷದ ಹಿಂದೆ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಕಡತಗಳಲ್ಲಿ. ಅವನ್ನು ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳ ಸಂತೆ. ಲಿನಕ್ಸೇ ಕೆಡಿಸಿತು ಎನ್ನಬೇಡಿ. ಅದೇ ಕಡತವನ್ನು ಫೋನಿಗೆ ಕಳಿಸಿ ನೋಡಿ, ಅದೇ ಸಂತೆ. ಆ ಕಡತದೊಳಗೆ ಇರುವುದೇ ಆ ಅಕ್ಷರಗಳು, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟ್ ಕಡತವನ್ನು ಹೊಸ ವ್ಯವಸ್ಥೆಗೂ ಹಾಕಿಕೊಂಡರೆ ಸಾಮಾನ್ಯವಾಗಿ ಓದಲು ಸಿಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಬಿಡುವುದು ಇನ್ನೂ ಒಳ್ಳೆಯದು. ಪರಿವರ್ತಕಕ್ಕೆ ಕೊಟ್ಟ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಜಾರುವುದು ಅಲ್ಲೇ.

ಇದಕ್ಕೆ ಎದುರು ದಿಕ್ಕಿನ ಭ್ರಮೆಯೂ ಇದೆ: ‘ಎಲ್ಲದಕ್ಕೂ ಅದರಲ್ಲೊಂದು ಬದಲಿ ಸಿಗುತ್ತೆ.’ ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್ ಸಾಕು. ಟ್ಯಾಲಿಗೆ, ಫೋಟೋಶಾಪ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಪೇಜ್‌ಮೇಕರ್‌ನಲ್ಲೇ ಆಹ್ವಾನ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರಿಗೆ ನಾನಂತೂ ಲಿನಕ್ಸ್ ಶಿಫಾರಸು ಮಾಡುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಿಗರು ಅದರ ಡ್ರೈವರ್ ಇದೆಯೇ ಎಂದು ಮೊದಲು ವಿಚಾರಿಸಲಿ. ಮ್ಯಾಕ್‌ಗೆ ಹೋಗುತ್ತೇನೆ ಎಂದರೆ ಕಂಪ್ಯೂಟರನ್ನೇ ಹೊಸದು ಕೊಳ್ಳಬೇಕು. ಆ್ಯಪಲ್ ಕೂಡ ಹಳೆಯದನ್ನು ಕೈಬಿಡುತ್ತದೆ: ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ 2025ರ ‘ಟಾಹೋ’ ಆವೃತ್ತಿಯೇ ಕೊನೆಯದು.

‘ಲಿನಕ್ಸ್‌ಗೆ ವೈರಸ್ ಬರಲ್ಲ’ ಎಂಬುದೂ ಅರ್ಧಸತ್ಯ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಸಿಕ್ಕಿಬಿತ್ತು. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಅವರು ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟ್‌ನಲ್ಲಿ!

ಕೊನೆಗೂ ಮನಸ್ಸು ಲಿನಕ್ಸ್ ಕಡೆಗೇ ವಾಲುತ್ತಿದ್ದರೆ, ಏನನ್ನೂ ಅಳಿಸದೆ ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಡೆಸ್ಕ್‌ಟಾಪ್ ಚೆಂದ ನೋಡುತ್ತಾ ಕೂರಬೇಡಿ. ವೈಫೈ ಹಿಡಿಯುತ್ತದೆಯೇ, ಪ್ರಿಂಟರ್ ಒಂದು ಹಾಳೆ ಉಗುಳುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಆ ಹಳೇ ನುಡಿ ಕಡತ ಓದಲು ಬರುತ್ತದೆಯೇ, ಇಷ್ಟು ನೋಡಿ. ಅದಕ್ಕೂ ಮೊದಲು ಫೋಟೋ, ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕಿಗೆ ಹೋಗಲಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಒಂದು ಕಾಗದದಲ್ಲಿ ಬರೆದಿಡಿ. ಬಯೋಸ್ ಮುಟ್ಟಿದ ಮೇಲೆ ಕಂಪ್ಯೂಟರ್ ಅದನ್ನು ಕೇಳಿದರೆ, ಆ ಕಂಪ್ಯೂಟರಿನೊಳಗೇ ಉಳಿಸಿಟ್ಟ ಕೀಲಿ ಯಾವ ಉಪಯೋಗಕ್ಕೂ ಬರುವುದಿಲ್ಲ.