ದೆಹಲಿಯಲ್ಲಿ ಮಂಜು, ವಾಡಿಯಲ್ಲಿ ಬಿಸಿಲು: ಚಳಿಗಾಲದಲ್ಲಿ ನಮ್ಮ ರೈಲು ಲೇಟಾಗೋದು ಯಾಕೆ?

ಕಲಬುರಗಿ: ಡಿಸೆಂಬರ್, ಜನವರಿ ಬಂತೆಂದರೆ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಸ್ಟೇಷನ್‌ಗಳಲ್ಲಿ ಒಂದೇ ಮಾತು. ಆಕಾಶ ನಿಚ್ಚಳವಾಗಿದೆ, ಹತ್ತು ಗಂಟೆಗೆಲ್ಲ ಬಿಸಿಲು ಚುರುಕು. ಆದರೂ ದೆಹಲಿ ಕಡೆಯಿಂದ ಬರಬೇಕಾದ ಗಾಡಿ ತಾಸುಗಟ್ಟಲೆ ಲೇಟು. ಅದೇ ಬೆಂಗಳೂರು ಕಡೆಯಿಂದ ದೆಹಲಿಗೆ ಹೋಗುವ ಗಾಡಿ ಹೆಚ್ಚಿನ ದಿನ ಟೈಮಿಗೇ ಬರುತ್ತದೆ. ಮಂಜು ಅಲ್ಲೆಲ್ಲೋ ಬಿದ್ದರೆ ನಮ್ಮ ಗಾಡಿಗೇನು ಬಂತು ಅಂತ ಪಾರ್ಸೆಲ್‌ಗೆ ಕಾಯುವ ಅಂಗಡಿಯವರು ಗೊಣಗುವುದು ಸಹಜ.

ಕನ್ನಡದಲ್ಲಿ ನಾವು ಕಾಶ್ಮೀರದಲ್ಲಿ ಬೀಳುವ ಹಿಮಕ್ಕೂ, ಬೆಳಗ್ಗೆ ಕವಿಯುವ ಇಬ್ಬನಿಯ ಮಬ್ಬಿಗೂ 'ಮಂಜು' ಅಂದುಬಿಡುತ್ತೇವೆ. ರೈಲಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ತಲೆನೋವು. ನಮ್ಮ ಗಾಡಿಯನ್ನು ಕಾಡುವುದು ಎರಡನೆಯದು.

ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಮುಟ್ಟಲು ಸುಮಾರು 2,400 ಕಿ.ಮೀ. ಓಡಬೇಕು. ಅದರಲ್ಲಿ ತೊಂದರೆ ಕೊಡುವುದು ಕೊನೆಯ ತುಂಡು. ಝಾನ್ಸಿ ದಾಟಿದ ಮೇಲೆ ಗ್ವಾಲಿಯರ್, ಆಗ್ರಾ, ಮಥುರಾ, ದೆಹಲಿ. ಚಳಿಗಾಲದ ರಾತ್ರಿ ಅಲ್ಲಿ ಗಾಳಿ ಆಡುವುದಿಲ್ಲ, ನೀರು ಹಾಯಿಸಿದ ಗೋಧಿ ಹೊಲಗಳ ತೇವ ನೆಲದ ಮೇಲೇ ತಣ್ಣಗಾಗಿ ನಿಲ್ಲುತ್ತದೆ. ನಸುಕಿನಲ್ಲಿ ಎದುರಿನ ಕಂಬವೂ ಕಾಣದಂತಹ ಸ್ಥಿತಿ.

ರೈಲಿನ ಡ್ರೈವರ್‌ಗೆ, ರೈಲ್ವೆಯವರ ಮಾತಲ್ಲಿ ಲೋಕೊ ಪೈಲಟ್‌ಗೆ, ಬಸ್ ಡ್ರೈವರ್ ತರಹ ಎದುರಿನದು ಕಂಡ ಮೇಲೆ ಬ್ರೇಕ್ ಹಾಕುವ ಅನುಕೂಲ ಇಲ್ಲ. ನೂರರ ವೇಗದಲ್ಲಿ ಓಡುವ ಉದ್ದನೆಯ ಎಕ್ಸ್‌ಪ್ರೆಸ್ ಗಾಡಿ ಪೂರ್ತಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಸಿಗ್ನಲ್ ದೂರದಿಂದಲೇ ಕಾಣಬೇಕು. ಅದು ಕಾಣದೇ ಹೋದರೆ ವೇಗ ಇಳಿಸುವುದೊಂದೇ ದಾರಿ. ಮೊದಲು ಇಂಥ ಮಂಜಿನಲ್ಲಿ ತಾಸಿಗೆ 60 ಕಿ.ಮೀ. ಮೀರುವಂತಿರಲಿಲ್ಲ. ಈಗ ಎಂಜಿನ್‌ನಲ್ಲಿ ಜಿಪಿಎಸ್ ಇರುವ 'ಫಾಗ್ ಸೇಫ್' ಸಾಧನ ಇಡುತ್ತಾರೆ. ಮುಂದಿನ ಸಿಗ್ನಲ್, ಲೆವೆಲ್ ಕ್ರಾಸಿಂಗ್ ಎಷ್ಟು ದೂರ ಇದೆ ಅಂತ ಅದು ಮುಂಚೆಯೇ ಹೇಳುತ್ತದೆ. ಅದಿದ್ದರೆ 75 ಕಿ.ಮೀ. ತನಕ ಹೋಗಬಹುದು. ಆದರೆ ಸಿಗ್ನಲ್ ಕೆಂಪೋ ಹಸಿರೋ ಅನ್ನುವುದನ್ನು ಆ ಸಾಧನ ಹೇಳುವುದಿಲ್ಲ. ಅದನ್ನು ಕಣ್ಣಾರೆ ನೋಡಲೇಬೇಕು.

ಹಳೆಯ ಉಪಾಯವೂ ಇನ್ನೂ ಬಳಕೆಯಲ್ಲಿದೆ. 180 ಮೀಟರ್ ದೂರದಲ್ಲಿ ಗೊತ್ತುಮಾಡಿದ ಗುರುತು ಕಾಣದಿದ್ದರೆ ಸ್ಟೇಷನ್ ಮಾಸ್ಟರ್ ಮಂಜಿನ ನಿಯಮ ಜಾರಿ ಮಾಡುತ್ತಾರೆ. ಆಗ ಸಿಬ್ಬಂದಿ ಸಿಗ್ನಲ್‌ಗೆ 270 ಮೀಟರ್ ಮೊದಲೇ ಹಳಿಯ ಮೇಲೆ ಹತ್ತು ಮೀಟರ್ ಅಂತರದಲ್ಲಿ ಎರಡು ಸಿಡಿಬಿಲ್ಲೆ ಕಟ್ಟುತ್ತಾರೆ. ರೈಲ್ವೆಯವರ ಬಾಯಲ್ಲಿ ಅದು ಪಟಾಕಿಯೇ. ಗಾಲಿ ಹತ್ತಿದಾಗ ಢಂ ಅನ್ನುತ್ತೆ, ಸಿಗ್ನಲ್ ಹತ್ತಿರ ಬಂತು ಅಂತ ಡ್ರೈವರ್‌ಗೆ ಗೊತ್ತಾಗುತ್ತೆ. ನಡುರಾತ್ರಿ ಆ ಚಳಿಯಲ್ಲಿ ಹಳಿಯ ಪಕ್ಕ ಕೂತು ಇದನ್ನು ಮಾಡುವವರ ಹೆಸರು ಯಾವ ಅನೌನ್ಸ್‌ಮೆಂಟ್‌ನಲ್ಲೂ ಬರುವುದಿಲ್ಲ.

ಇನ್ನು ಲೇಟು ಬೆಳೆಯುವ ಬಗೆ. ನಮ್ಮ ಸ್ಟೇಷನ್‌ನಲ್ಲಿ ಕೇಳುವ 'ಜೋಡಿ ರೈಲು ತಡವಾಗಿ ಬಂದ ಕಾರಣ' ಅನ್ನುವ ಮಾತಿನಲ್ಲೇ ಇಡೀ ಕತೆ ಇದೆ. ಬೆಂಗಳೂರಿನಿಂದ ಹೋದ ಬೋಗಿಗಳೇ ಅಲ್ಲಿ ತೊಳೆದು, ಬ್ರೇಕ್ ಪರೀಕ್ಷೆ ಮಾಡಿ, ನೀರು ತುಂಬಿಸಿಕೊಂಡು ವಾಪಸ್ ಹೊರಡಬೇಕು. ಆ ಕೆಲಸವನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಬೆಳಗ್ಗೆ ಬರಬೇಕಾದ ಗಾಡಿ ಮಧ್ಯಾಹ್ನ ಬಂದರೆ, ಸಂಜೆ ಹೊರಡಬೇಕಾದದ್ದು ರಾತ್ರಿಯಾಗುತ್ತದೆ. ರಾತ್ರಿ ಹೊರಟದ್ದು ಮತ್ತೆ ಅದೇ ಮಂಜಿಗೆ ಸಿಗುತ್ತದೆ. ಮೇಲಾಗಿ, ಟೈಮ್ ತಪ್ಪಿದ ಗಾಡಿಗೆ ದಾರಿಯಲ್ಲಿ ತನ್ನ ಸರದಿಯೂ ತಪ್ಪಿರುತ್ತದೆ. ಟೈಮಿಗೆ ಓಡುತ್ತಿರುವ ಬೇರೆ ರೈಲುಗಳನ್ನು ಮುಂದೆ ಬಿಟ್ಟು ಅದು ಎಲ್ಲೋ ಸಣ್ಣ ಸ್ಟೇಷನ್‌ನಲ್ಲಿ ಕಾಯಬೇಕು. ಹೀಗೆ ನಾಲ್ಕೈದು ದಿನ ಬಿಡದೆ ಮಂಜು ಕವಿದರೆ ಬೆಂಗಳೂರಿನಿಂದ ಹೊರಡುವ ಗಾಡಿಯ ಟೈಮೂ ಬದಲಾಗುತ್ತದೆ. ಇದನ್ನು ತಪ್ಪಿಸಲೆಂದೇ ಉತ್ತರ ಭಾರತದ ಹಲವು ರೈಲುಗಳನ್ನು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮುಂಚಿತವಾಗಿಯೇ ರದ್ದು ಮಾಡುತ್ತಾರೆ.

ಮಂಜಿಲ್ಲದಿದ್ದರೂ ಬರೀ ಚಳಿ ಸಾಕು ಹಳಿ ಕೆಡಿಸಲು. ಕಬ್ಬಿಣ ತಣ್ಣಗಾದರೆ ಕುಗ್ಗುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಬಿಡಿಯಾಗಿ ಇಟ್ಟು 40 ಡಿಗ್ರಿ ತಣಿಸಿದರೆ ಹೆಚ್ಚುಕಮ್ಮಿ ಒಂದೂವರೆ ಅಡಿ ಚಿಕ್ಕದಾಗುತ್ತದೆ. ಈಗಿನ ಹಳಿಗಳಿಗೆ ಮೊದಲಿನ ಹಾಗೆ ನಡುನಡುವೆ ಸಂದು ಇಲ್ಲ, ಉದ್ದಕ್ಕೂ ವೆಲ್ಡಿಂಗ್. ಸ್ಲೀಪರ್‌ಗೆ ಬಿಗಿದಿರುವುದರಿಂದ ಕುಗ್ಗಲು ಜಾಗವಿಲ್ಲ, ಒಳಗೊಳಗೇ ಜಗ್ಗಾಟ. ವೆಲ್ಡಿಂಗ್ ಎಲ್ಲಿ ಸೋತಿದೆಯೋ ಅಲ್ಲಿ ಬಿರುಕು ಬಿಡುತ್ತದೆ, ಅದೂ ಹೆಚ್ಚಾಗಿ ನಸುಕಿನ ಹೊತ್ತಿಗೆ. ಅದಕ್ಕೇ ಚಳಿಗಾಲದಲ್ಲಿ ರಾತ್ರಿ ಗಸ್ತು ಹಾಕುತ್ತಾರೆ. ಬಿರುಕು ಸಿಕ್ಕರೆ ಪಟ್ಟಿ ಬಿಗಿದು, ದುರಸ್ತಿ ಮುಗಿಯುವ ತನಕ ಗಾಡಿಗಳನ್ನು ನಿಧಾನಕ್ಕೆ ದಾಟಿಸುತ್ತಾರೆ.

ನಿಜವಾದ ಹಿಮದ ಕಾಟ ನಮ್ಮ ದೇಶದಲ್ಲಿ ಮುಖ್ಯವಾಗಿ ಕಾಶ್ಮೀರದ ಮಾರ್ಗದಲ್ಲಿ. 2025ರ ಜೂನ್ 6ರಂದು ಶುರುವಾದ ಕಟ್ರಾ–ಶ್ರೀನಗರ ವಂದೇ ಭಾರತ್‌ನಲ್ಲಿ ಡ್ರೈವರ್ ಮುಂದಿನ ಗಾಜಿಗೂ, ನೀರಿನ ಪೈಪಿಗೂ, ಶೌಚಾಲಯದ ಟ್ಯಾಂಕಿಗೂ ಹೀಟರ್ ಇದೆ. ಇಲ್ಲದಿದ್ದರೆ ಎಲ್ಲ ಹೆಪ್ಪುಗಟ್ಟುತ್ತದೆ. ಹಿಮ ಬಿದ್ದಲ್ಲಿ ಮೊದಲು ಕೈಕೊಡುವುದು ಗಾಡಿ ಹಳಿ ಬದಲಿಸುವ ಜಾಗ. ಅಲ್ಲಿನ ಅಲುಗಾಡುವ ಹಳಿಯ ಸಂದಿನಲ್ಲಿ ಹಿಮ ಗಟ್ಟಿಯಾದರೆ ಹಳಿ ಪೂರ್ತಿ ಕೂಡುವುದಿಲ್ಲ, ಸಿಗ್ನಲ್ ಬೀಳುವುದಿಲ್ಲ. ಅಮೆರಿಕದ ಶಿಕಾಗೋದಲ್ಲಿ ಹಳಿಗೆ ಬೆಂಕಿ ಹತ್ತಿ ಉರಿಯುವ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ನೋಡಿದವರಿರಬಹುದು. ಅದು ಅವಘಡ ಅಲ್ಲ. ಈ ಜಾಗವನ್ನು ಬೆಚ್ಚಗಿಡಲು ಅವರೇ ಹಚ್ಚಿದ ಗ್ಯಾಸ್ ಒಲೆ.

ಮತ್ತೆ ನಮ್ಮ ಕಡೆಗೆ ಬರುವುದಾದರೆ, ಮಂಜಿಗೆ ಒಳ್ಳೆಯ ಮದ್ದು 'ಕವಚ್' ವ್ಯವಸ್ಥೆ. ಇದರಲ್ಲಿ ಸಿಗ್ನಲ್‌ನ ಬಣ್ಣ ಎಂಜಿನ್ ಒಳಗಿನ ಪರದೆಯಲ್ಲೇ ಕಾಣುತ್ತದೆ. ಕೆಂಪು ದಾಟುವ ಹಾಗಾದರೆ ತಾನೇ ಬ್ರೇಕ್ ಹಾಕುತ್ತದೆ. ಇದರ ಮೊದಮೊದಲ ಪ್ರಯೋಗಗಳು ನಡೆದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮಾರ್ಗದಲ್ಲೇ ಅನ್ನುವುದು ಈ ಭಾಗದವರಿಗೆ ಗೊತ್ತಿರಲಿ. ಆದರೆ ಹಳಿ, ಎಂಜಿನ್ ಎರಡರಲ್ಲೂ ಸಾಧನ ಇದ್ದರೆ ಮಾತ್ರ ಪ್ರಯೋಜನ. ದೇಶದ ಎಲ್ಲ ಮಾರ್ಗಕ್ಕೂ ಅದನ್ನು ಹಂತ ಹಂತವಾಗಿ ಹಾಕಬೇಕಿದೆ.

ಅಲ್ಲಿಯ ತನಕ ಟಿಕೆಟ್ ದುಡ್ಡು ಕಳೆದುಕೊಳ್ಳಬೇಕಿಲ್ಲ. ನೀವು ಪ್ರಯಾಣ ಶುರು ಮಾಡುವ ಸ್ಟೇಷನ್‌ನಿಂದ ರೈಲು ಹೊರಡುವುದು ಮೂರು ತಾಸಿಗಿಂತ ಹೆಚ್ಚು ತಡವಾದರೆ, ಪ್ರಯಾಣ ಬೇಡವೆಂದರೆ ಪೂರ್ತಿ ಹಣ ವಾಪಸ್ ಸಿಗುತ್ತದೆ. ತತ್ಕಾಲ್‌ಗೂ ಇದು ಅನ್ವಯ. ಆನ್‌ಲೈನ್ ಟಿಕೆಟ್ ಆದರೆ ಟಿಡಿಆರ್ ಹಾಕಬೇಕು, ಕೌಂಟರ್ ಟಿಕೆಟ್ ಆದರೆ ಕೌಂಟರ್‌ಗೇ ಒಪ್ಪಿಸಬೇಕು. ಎರಡನ್ನೂ ಗಾಡಿ ನಿಜವಾಗಿ ಹೊರಡುವ ಮೊದಲೇ ಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಗಾಡಿ ಹೋದ ಮೇಲೆ ಅರ್ಜಿ ಹಾಕುತ್ತಾರೆ. ರೈಲೇ ರದ್ದಾದರೆ ಆನ್‌ಲೈನ್ ಟಿಕೆಟ್‌ನ ಹಣ ತಾನಾಗಿ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ ಇದ್ದವರು ಮೂರು ದಿನದೊಳಗೆ ಸ್ಟೇಷನ್‌ಗೆ ಹೋಗಬೇಕು. ಗಾಡಿ ಎಲ್ಲಿದೆ ಎಂದು ತಿಳಿಯಲು 139ಕ್ಕೆ ಕರೆ ಮಾಡಬಹುದು. ಆದರೆ ನಿಮ್ಮ ಗಾಡಿಯೊಂದನ್ನೇ ಕೇಳದೆ, ಅದರ ಜೋಡಿ ಗಾಡಿ ದೆಹಲಿ ಮುಟ್ಟಿದ್ದು ಎಷ್ಟೊತ್ತಿಗೆ ಅಂತಲೂ ಕೇಳಿ. ನಾಳೆಯ ಲೇಟು ಇವತ್ತೇ ಅಂದಾಜಾಗುತ್ತದೆ.