‘ಅಲ್ಲಿ’, ‘ಇಂದ’, ‘ಒಳಗೆ’ ಮತ್ತು ನಮ್ಮ ಇಂಗ್ಲಿಷ್

‘ಐ ಆಮ್ ಸ್ಟೇಯಿಂಗ್ ಇನ್ ಹೇರೋಹಳ್ಳಿ ಫ್ರಮ್ ತ್ರೀ ಇಯರ್ಸ್.’ ಪ್ಲೇಸ್‌ಮೆಂಟ್ ತಯಾರಿ ಶುರುವಾದ ಮೇಲೆ ಇಂಥ ವಾಕ್ಯ ನಮ್ಮ ಕಿವಿಗೆ ಬೀಳ್ತಾನೇ ಇರುತ್ತೆ. ಯಾರೋ ನಗ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು ಮುಂದಿನ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯೇ ಬಿಡಲ್ಲ. ಗೆಳೆಯರೇ, ಆ ವಾಕ್ಯದಲ್ಲಿರೋದು ದಡ್ಡತನ ಅಲ್ಲ, ಕನ್ನಡದ ವ್ಯಾಕರಣ. ‘ಮೂರು ವರ್ಷದಿಂದ’ ಅನ್ನೋದರ ‘ಇಂದ’ ನೇರವಾಗಿ ‘ಫ್ರಮ್’ ಆಗಿದೆ, ಅಷ್ಟೇ.

ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳನ್ನು ನೆನಪಿಸಿಕೊಳ್ಳೋಣ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡದಲ್ಲಿ ಇವು ಪದದ ಕೊನೆಗೆ ಅಂಟಿಕೊಳ್ಳುತ್ತವೆ. ಇವುಗಳಲ್ಲಿ ಹಲವು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಪದದ ಮುಂಚೆ ನಿಲ್ಲುವ ಪ್ರಿಪೊಸಿಷನ್ ಮಾಡುತ್ತದೆ. ತೊಂದರೆ ಏನಂದ್ರೆ, ನಮ್ಮ ಒಂದೇ ಪ್ರತ್ಯಯಕ್ಕೆ ಅಲ್ಲಿ ಮೂರೋ ನಾಲ್ಕೋ ಪದ.

ಅಲ್ಲಿ

‘ಹೇರೋಹಳ್ಳಿಯಲ್ಲಿ ಮನೆ’ ಅಂದರೆ ‘ಇನ್’. ‘ಮಾಗಡಿ ರಸ್ತೆಯಲ್ಲಿ ಅಂಗಡಿ’ ಅಂದರೆ ‘ಆನ್’. ‘ಸ್ಟಾಪಲ್ಲಿ ಇಳೀತೀನಿ’ ಅಂದರೆ ‘ಅಟ್’. ಎಂಜಿನಿಯರಿಂಗ್ ಓದುವ ನಮಗೆ ಇದು ಕಷ್ಟವಲ್ಲ: ಬಿಂದುವಿಗೆ ‘ಅಟ್’, ಗೆರೆ ಅಥವಾ ಮೇಲ್ಮೈಗೆ ‘ಆನ್’, ಸುತ್ತಲೂ ಎಲ್ಲೆ ಇರುವ ಜಾಗಕ್ಕೆ ‘ಇನ್’. ಕಾಲಕ್ಕೂ ಹೆಚ್ಚುಕಡಿಮೆ ಹೀಗೇ: ಗಂಟೆಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ಮತ್ತು ವರ್ಷಕ್ಕೆ ‘ಇನ್’. ಇದಕ್ಕೆ ಒಗ್ಗದ ಪ್ರಯೋಗಗಳೂ ಇವೆ. ಬಸ್ಸಿಗೆ ‘ಆನ್’, ಆಟೋಗೆ ‘ಇನ್’. ಎದ್ದು ಓಡಾಡುವಷ್ಟು ಜಾಗ ಇರುವ ವಾಹನಕ್ಕೆ ಸಾಮಾನ್ಯವಾಗಿ ‘ಆನ್’ ಅಂತ ನೆನಪಿಟ್ಟುಕೊಂಡರೆ ಸಾಕು.

ಇಂದ

ವ್ಯಾಕರಣದ ಪ್ರಕಾರ ತೃತೀಯಾಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’. ಮಾತಲ್ಲಿ ‘ದೆಸೆಯಿಂದ’ ಅನ್ನೋರು ಯಾರು? ಎರಡೂ ಕೆಲಸ ‘ಇಂದ’ದ ಹೆಗಲಿಗೇ ಬಿದ್ದಿದೆ. ಹಾಗಾಗಿ ‘ಪೆನ್ನಿಂದ ಬರೆದೆ’ ಅಂದರೆ ‘ವಿತ್’, ‘ಹಾಸನದಿಂದ ಬಂದೆ’ ಅಂದರೆ ‘ಫ್ರಮ್’, ‘ಮಳೆಯಿಂದ ತಡವಾಯ್ತು’ ಅಂದರೆ ‘ಬಿಕಾಸ್ ಆಫ್’. ಸಮಯ ಹೇಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಶುರುವಾದ ಕ್ಷಣವೋ, ಕಳೆದ ಅವಧಿಯೋ? ‘2023ರಿಂದ ಇಲ್ಲೇ ಇದ್ದೀನಿ’ ಅಂದರೆ ಶುರು, ‘ಸಿನ್ಸ್’. ‘ಮೂರು ವರ್ಷದಿಂದ’ ಅಂದರೆ ಅವಧಿ, ‘ಫಾರ್’. ಕ್ರಿಯಾಪದವೂ ಬದಲಾಗುತ್ತದೆ: ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಹೇರೋಹಳ್ಳಿ ಫಾರ್ ತ್ರೀ ಇಯರ್ಸ್.’ ‘ಸ್ಟೇ’ ಅಂದರೆ ಸಾಮಾನ್ಯವಾಗಿ ಸ್ವಲ್ಪ ದಿನ ಉಳಿದುಕೊಳ್ಳೋದು, ‘ಲಿವ್’ ಅಂದರೆ ವಾಸ. ನಮ್ಮ ‘ಇದ್ದೀನಿ’ಯಲ್ಲಿ ಎರಡೂ ಅಡಗಿವೆ.

ಒಳಗೆ, ವರೆಗೆ

ಇಲ್ಲಿ ಕನ್ನಡವೇ ನಮ್ಮ ಕೈ ಹಿಡಿಯುತ್ತದೆ. ‘ಶುಕ್ರವಾರದೊಳಗೆ’ ಅಂದರೆ ‘ಬೈ ಫ್ರೈಡೇ’, ‘ಶುಕ್ರವಾರದವರೆಗೆ’ ಅಂದರೆ ‘ಟಿಲ್ ಫ್ರೈಡೇ’. ಗೈಡ್‌ಗೆ ‘ವಿ ವಿಲ್ ಸೆಂಡ್ ದ ರಿಪೋರ್ಟ್ ಟಿಲ್ ಫ್ರೈಡೇ’ ಅಂತ ಮೇಲ್ ಮಾಡಿದರೆ ‘ಶುಕ್ರವಾರದ ತನಕ ಕಳಿಸ್ತಾನೇ ಇರ್ತೀವಿ’ ಅಂದಂತೆ.

ಬಗ್ಗೆ, ನನಗೆ

‘ಪ್ರಾಜೆಕ್ಟ್ ಬಗ್ಗೆ ಚರ್ಚಿಸಿದೆವು’ ಸರಿ, ಆದರೆ ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ. ‘ನನಗೆ ವಿವರಿಸಿ’ ಅನ್ನೋದಕ್ಕೆ ‘ಎಕ್ಸ್‌ಪ್ಲೇನ್ ಇಟ್ ಟು ಮಿ’, ‘ಟು’ ಬಿಡುವಂತಿಲ್ಲ. ಇನ್ನು ಕ್ಲಾಸಲ್ಲಿ ‘ಐ ಹ್ಯಾವ್ ಎ ಡೌಟ್’ ಎಲ್ಲರಿಗೂ ಅರ್ಥವಾಗುತ್ತೆ. ಹೊರದೇಶದವರ ಜೊತೆ ಮಾತಾಡುವಾಗ ಮಾತ್ರ ‘ಕ್ವೆಶ್ಚನ್’ ಅನ್ನಿ. ‘ಡೌಟ್’ ಅಂದರೆ ಅವರ ಮಾತನ್ನು ನಾವು ನಂಬ್ತಿಲ್ಲ ಅಂದುಕೊಂಡಾರು.

ಕನ್ನಡದಲ್ಲಿ ಯೋಚಿಸೋದನ್ನು ಬಿಡಬೇಕಿಲ್ಲ. ಪ್ರತ್ಯಯ ಬಂದ ಕಡೆ ಒಂದು ಕ್ಷಣ ನಿಂತು, ‘ಇದು ಇಲ್ಲಿ ಯಾವ ಕೆಲಸ ಮಾಡ್ತಿದೆ?’ ಅಂತ ಕೇಳಿಕೊಂಡರೆ ಸಾಕು. ಹಾಗೇ ಗೆಳೆಯರು ತಪ್ಪಿದಾಗ ನಗೋದು ಬಿಟ್ಟು, ಸರಿಯಾದ ಪದ ಹೇಳಿಕೊಡೋಣ.